ಕೆಂಚಮ್ಮನಿಗೆ ಸಿಕ್ಕಿದ ಚೀಟಿ

ಅರವತ್ತೇಳನೆಯ ಇಸವಿ. ಮೈಸೂರಿನಲ್ಲಿ ತಂತಮ್ಮ ಮಗಳ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದ ಇಬ್ಬರು ಓರಗಿತ್ತಿಯರು ಹೂಟಗಳ್ಳಿ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲೇ ನಿಂತಿದ್ದ ಚಾಮಯ್ಯ ಮೇಷ್ಟ್ರಿಗೆ ಕದ್ದು ಕೇಳುವ ಚಪಲವೇನೂ ಇರಲಿಲ್ಲ. ಹಿರಿಯವಳಾದ ಶಿವನಂಜಮ್ಮನ ಗಂಟಲೇ ಅಂಥದು.

“ನಿನ್ಗೇನವ್ವ ಕೆಂಚಿ, ಡಾಕ್ಟ್ರು ಚೀಟಿ ಬರ್ಕೊಟ್ರು.”

“ಮಗೀಗೆ ಕಿವಿ ಮಂದ ಅಂತ ಬರ್ಕೊಟ್ರೆ ಅದೂ ಒಂದು ಭಾಗ್ಯವೇನಕ್ಕ?”

“ಭಾಗ್ಯವೇ ಕಣೆ! ಆ ಚೀಟಿ ತೋರ್ಸುದ್ರೆ ಸ್ಕೂಲಲ್ಲಿ ಮುಂದಿನ ಬೆಂಚು, ಕಿವಿಗೆ ಮಿಷನ್ನು. ನನ್ನೋಳು ಡಾಕ್ಟ್ರು ಹೇಳ್ದಂಗೆ ಆ ಡಬ್ಬಿ ಕುಂಯ್ ಅಂದಾಗೆಲ್ಲ ಕೈ ಎತ್ಬುಟ್ಲು, ಮುಂಡೇದು. ಕಿವಿ ಚೆನ್ನಾಗೇ ಅದೆ, ಕರ್ಕೊಂಡೋಗಿ ಅಂದ್ಬುಟ್ರು.”

“ಒಳ್ಳೇದೇ ಆಯ್ತಲ್ಲಕ್ಕ.”

“ಎಂಥಾ ಒಳ್ಳೇದು? ಸುತ್ತ ನಾಕು ಜನ ಮಾತಾಡುದ್ರೆ ಹೇಳಿದ್ದೊಂದೂ ಅವಳ ತಲೆಗೆ ಹತ್ತಲ್ಲ. ಇಷ್ಟು ದಿನ ಕಿವುಡಿ ಅಂತಿದ್ರು, ಇನ್ಮೇಲೆ ದಡ್ಡಿ ಅಂತಾರೆ. ನಿನ್ನೋಳ್ಗಾದ್ರೆ ಒಂದು ಕಾಯ್ಲೆ ಅಂತ ಸಿಕ್ತು. ನನ್ನೋಳ್ಗೆ ಅದೂ ಇಲ್ಲ.”

ಅಷ್ಟರಲ್ಲಿ ಬಸ್ಸು ಬಂತು. ಕೆಂಚಮ್ಮ ಸೆರಗಿನ ಗಂಟು ಬಿಚ್ಚಿ, ಚೀಟಿ ತೆಗೆದು ಚಾಚಿದಳು.

“ತಗೊಳಕ್ಕ. ಕೂಗುದ್ರೆ ತಿರುಗಿ ನೋಡಲ್ಲ ಅಂತ ನಾಕು ವರ್ಷ ಹುಣಸೆ ಬರ್ಲಲ್ಲಿ ಬಾರ್ಸಿವ್ನಿ ನನ್ ಮಗೀಗೆ. ಅದ್ನೂ ತಗೊ.”

ಶಿವನಂಜಮ್ಮ ಚೀಟಿ ಮುಟ್ಟಲಿಲ್ಲ. ಇಬ್ಬರು ಹುಡುಗಿಯರ ಕೈಯನ್ನೂ ಹಿಡಿದು ಬಸ್ಸು ಹತ್ತಿದಳು.

ಮೂವತ್ತು ವರ್ಷ ಬೆತ್ತ ಹಿಡಿದಿದ್ದ ಮೇಷ್ಟ್ರೂ ಅದೇ ಬಸ್ಸಿಗೇ ಕಾದಿದ್ದವರು. ಹತ್ತಲಿಲ್ಲ.