ಬೋಮನ್ ಗೆರೆ ದಾಟಿದ ದಿನ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ.

ನೋಡಿ ಶರಣರೇ, ಇಷ್ಟು ಹೇಳಿದ್ದೇ ತಡ, ಹಿಂದಿನ ಸಾಲಿನವರು ಕಂಬಕ್ಕೆ ಒರಗಿಬಿಟ್ಟಿರಿ. ಗೊತ್ತಿರುವ ಕಥೆಯೇ, ಶ್ರೀಮಂತ ಸಾಯುತ್ತಾನೆ, ಬಂಗಾರ ಇಲ್ಲೇ ಬಿಟ್ಟು ಹೋಗುತ್ತಾನೆ, ಅಷ್ಟರಲ್ಲಿ ಒಂದು ಜೊಂಪು ತೆಗೆಯೋಣ ಅಂದುಕೊಂಡಿರಿ. ಏಳಿ. ಈ ಶ್ರೀಮಂತ ಸಾಯುವುದೂ ಇಲ್ಲ, ಇವನ ಹತ್ತಿರ ಬಂಗಾರವೂ ಇಲ್ಲ. ಇವನ ಆಸ್ತಿಯೆಲ್ಲ ಹೆಸರು. ಬರೀ ಹೆಸರು.

ಜರ್ಮನಿ ದೇಶದ ಒಂದು ಸಣ್ಣ ಊರು. ಆ ಊರಿನ ಫುಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನು ಇವನು. ಏಕರ್ಟ್ ಬೋಮನ್ ಅಂತ. ನಾಲಿಗೆ ತಿರುಗದಿದ್ದರೆ ಬೊಮ್ಮಣ್ಣ ಅನ್ನಿ, ಅವನೇನು ಇಲ್ಲಿಗೆ ಬಂದು ಜಗಳ ತೆಗೆಯುವುದಿಲ್ಲ. ಇದು ನಡೆದದ್ದೋ ಕಟ್ಟಿದ್ದೋ ಅಂತಲೂ ಕೇಳಬೇಡಿ. ದೃಷ್ಟಾಂತಕ್ಕೆ ಪಂಚನಾಮೆ ಬೇಕಾಗಿಲ್ಲ. ಅವರು ಜರ್ಮನ್ ಭಾಷೆಯಲ್ಲಿ ಆಡಿದ್ದನ್ನು ನಾನು ನಮ್ಮ ಧಾರವಾಡದ ಮಾತಿನಲ್ಲೇ ಹೇಳುತ್ತೇನೆ.

ಆ ದೇಶದ ಮೈದಾನಗಳಲ್ಲಿ ಒಂದು ಪದ್ಧತಿ ಇದೆ, ಬಹಳ ಚೆಂದದ ಪದ್ಧತಿ. ಆ ಊರಿನ ತಂಡದವನು ಗೋಲು ಹೊಡೆದ ಕೂಡಲೇ ಮೈಕಿನಲ್ಲಿ ಒಬ್ಬ ಅವನ ಹೆಸರಷ್ಟೇ ಕೂಗುತ್ತಾನೆ. ಅಡ್ಡಹೆಸರನ್ನು ಮಂದಿ ಕೂಗಬೇಕು. ಮೈಕಿನವನು ‘ಏಕರ್ಟ್’ ಅನ್ನುತ್ತಾನೆ, ಸಾವಿರಾರು ಮಂದಿ ಒಂದೇ ಬಾಯಲ್ಲಿ ‘ಬೋಮನ್’ ಅನ್ನುತ್ತಾರೆ. ಮತ್ತೆ ‘ಏಕರ್ಟ್’, ಮತ್ತೆ ‘ಬೋಮನ್’. ಹೀಗೆ ಮೂರು ಸಲ. ಅಡ್ಡಹೆಸರು ಯಾರದು ಹೇಳಿ? ಅಪ್ಪನದು, ಅಜ್ಜನದು, ಮನೆತನದ್ದು. ಮಗ ಗೋಲು ಹೊಡೆದರೆ ಇಡೀ ಮನೆತನವನ್ನು ಊರು ಕೂಗಿ ಕರೆದ ಹಾಗೆ. ಮೈ ಜುಮ್ಮೆನ್ನುವುದಿಲ್ಲವೇ? ನನಗಂತೂ ಅನ್ನುತ್ತದೆ.

ಬೋಮನ್ ಹದಿನೈದು ವರ್ಷ ಆ ಕೂಗನ್ನು ಉಂಡು ಬೆಳೆದ. ಮೈಕಿನಲ್ಲಿ ಕೂಗುವವನು ಆ ಊರಿನ ಬ್ರೆಡ್ ಅಂಗಡಿಯ ಮುದುಕ. ಅವನಿಗೆ ‘ಏಕರ್ಟ್’ ಎಂದು ಕೂಗಿ ಕೂಗಿ ದೇವರ ಹೆಸರಿಗಿಂತ ಅದೇ ರೂಢಿಯಾಗಿತ್ತು. ಆಮೇಲೆ ಏನಾಯಿತು? ಎಲ್ಲರಿಗೂ ಆಗುವುದೇ ಆಯಿತು. ಮೊಣಕಾಲು ಕೈಕೊಟ್ಟಿತು. ಡಾಕ್ಟರು ಸಾಕು ಅಂದರು. ಊರಿನವರು ಅವನನ್ನು ಬಿಡಲಿಲ್ಲ, ಅದೇ ತಂಡಕ್ಕೆ ಕೋಚ್ ಮಾಡಿದರು. ಆಡಿದವನು ಈಗ ಆಡಿಸುವವನಾದ.

ಕಲಿಸುವುದರಲ್ಲಿ ಅವನು ಕಂಜೂಸ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಗರಡಿಮನೆಯ ಕೆಲವು ಉಸ್ತಾದರು ಒಂದು ಪಟ್ಟನ್ನು ತಮಗೇ ಇಟ್ಟುಕೊಳ್ಳುತ್ತಿದ್ದರಂತೆ. ಇವನು ಅಂಥವನಲ್ಲ. ಎದುರಾಳಿಗೆ ಬೆನ್ನು ಕೊಟ್ಟು ನಿಂತು, ಚೆಂಡು ಬಂದ ಕ್ಷಣ ಎಡಗಾಲಿನ ಮೇಲೆ ಗಿರಕ್ಕನೆ ತಿರುಗಿ ಹೊಡೆಯುವುದು ಇವನ ಖಾಸಾ ಹೊಡೆತ. ಅದನ್ನೂ ಧಾರೆಯೆರೆದು ಕೊಟ್ಟ. ವಿದ್ಯೆ ಕೊಟ್ಟ, ಬೆವರು ಕೊಟ್ಟ, ಎಲ್ಲ ಕೊಟ್ಟ. ಒಂದನ್ನು ಮಾತ್ರ ಕೊಡಲು ಅವನ ಕೈ ಬರಲಿಲ್ಲ. ಆ ಮೈದಾನದಲ್ಲಿ ಬೇರೆಯವರ ಹೆಸರು ಕೇಳಿದರೆ ಅವನ ಎದೆಗೆ ಮುಳ್ಳು ಚುಚ್ಚುತ್ತಿತ್ತು. ತನ್ನ ತಂಡವೇ ಗೆದ್ದರೂ ಚುಚ್ಚುತ್ತಿತ್ತು. ತಾನು ಕಲಿಸಿದವನೇ ಹೊಡೆದರೂ ಚುಚ್ಚುತ್ತಿತ್ತು. ಪತ್ರಿಕೆಯವರು ಬಂದು ಕೇಳಿದರೆ ಅವನದು ಒಂದೇ ಮಾತು: “ಅದು ನನ್ನ ಹೊಡೆತ. ನಾ ಕಲಿಸಿದ್ದು.”

ಒಂದು ದಿನ ಹಾಗೇ ಗೆದ್ದು ಮನೆಗೆ ಬಂದು ಮುಖ ಇಳಿಬಿಟ್ಟು ಉಣ್ಣಲು ಕುಳಿತ. ಹೆಂಡತಿ ನೋಡಿದಳು, ಸುಮ್ಮನಿರಲಿಲ್ಲ. ಯಾವ ದೇಶದ ಹೆಂಡತಿ ಸುಮ್ಮನಿರುತ್ತಾಳೆ?

“ಗೆದ್ದು ಬಂದೀರೋ, ಯಾರದೋ ಮಣ್ಣಿಗೆ ಹೋಗಿ ಬಂದೀರೋ?” ಅಂದಳು.

“ಗೆದ್ದೀವಿ.”

“ಮತ್ತ ಯಾಕ ಹಿಂಗ ಕುಂತೀರಿ? ನಿಮ್ಮ ಹುಡುಗೂರು ಗೆದ್ರ ನಿಮ್ಮ ಗಂಟೇನು ಹೋತು?”

ಸೂಪು ಆರಿಹೋಯಿತು, ಅವನು ಚಮಚ ಎತ್ತಲಿಲ್ಲ.

ಅದೇ ವರ್ಷ ತಂಡಕ್ಕೆ ಒಬ್ಬ ಹೊಸ ಆಟಗಾರ ಬಂದ. ನೀಲ್ಸ್ ಹಾರ್ಮ್ ಅಂತ ಹೆಸರು. ಹೊರಗಿನ ಊರುಗಳಲ್ಲಿ ಗೋಲು ಹೊಡೆಯುತ್ತಿದ್ದ, ಈ ಊರಿನ ಮೈದಾನದಲ್ಲಿ ಮಾತ್ರ ಒಂದೂ ಆಗುತ್ತಿರಲಿಲ್ಲ. ಒಮ್ಮೆ ಚೆಂಡು ಕಂಬಕ್ಕೆ ಬಡಿಯಿತು, ಇನ್ನೊಮ್ಮೆ ಗೋಲ್‌ಕೀಪರನ ಮೊಣಕಾಲಿಗೆ ಬಡಿಯಿತು. ಪರಊರಲ್ಲಿ ಹೊಡೆದರೆ ಯಾರು ಕೂಗುತ್ತಾರೆ? ಯಾರೂ ಇಲ್ಲ. ಒಂದು ಸಂಜೆ ಅಭ್ಯಾಸ ಮುಗಿದ ಮೇಲೂ ಅವನು ಗೋಡೆಗೆ ಚೆಂಡು ಒದೆಯುತ್ತಲೇ ಇದ್ದ.

“ಸಾಕು ಬಿಡೋ, ಕಾಲು ಮುರಕೋತಿ,” ಅಂದ ಬೋಮನ್.

“ಇನ್ನೊಂದು ಆಟ ಉಳದದ ಸರ್. ಪ್ರತಿ ಸಲ ನಮ್ಮವ್ವ ಬಂದು ಕುಂಡ್ರತಾಳ. ನಮ್ಮಪ್ಪ ಗಣಿಯೊಳಗ ತೀರಕೊಂಡಾಗ ಅವನ ಹೆಸರು ಹಿಡದು ಅಳಾಕ ನಾಲ್ಕು ಮಂದಿನೂ ಇರಲಿಲ್ಲ. ಇಷ್ಟು ಮಂದಿ ಬಾಯಾಗ ‘ಹಾರ್ಮ್’ ಅನ್ನೂದನ್ನ ಒಮ್ಮೆ ಕೇಳಬೇಕಂತ ಅಕಿ ಆಸೆ.”

ಬೋಮನ್ ಕೋಟು ತೆಗೆದಿಟ್ಟು, ಕತ್ತಲಾಗುವವರೆಗೂ ಅವನಿಗೆ ಚೆಂಡು ಎಸೆದುಕೊಟ್ಟ. ಆ ಎಡಗಾಲಿನ ತಿರುವನ್ನು ಮತ್ತೆ ತಿದ್ದಿದ. ನೋಡಿ, ಮನುಷ್ಯ ಕೆಟ್ಟವನಲ್ಲ. ನಾವೂ ಯಾರೂ ಕೆಟ್ಟವರಲ್ಲ, ಅದೇ ತೊಂದರೆ.

ಕೊನೆಯ ಆಟ ಬಂತು. ಗೆದ್ದರೆ ತಂಡ ಇದ್ದ ದರ್ಜೆಯಲ್ಲಿ ಉಳಿಯುತ್ತದೆ, ಇಲ್ಲವಾದರೆ ಕೆಳಗಿನ ದರ್ಜೆಗೆ ಬೀಳುತ್ತದೆ. ಊರಿಗೆ ಊರೇ ಮೈದಾನದಲ್ಲಿ. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ಆಗ ಚೆಂಡು ನೀಲ್ಸ್‌ನ ಕಡೆಗೆ ಬಂತು. ಎದುರಾಳಿಗೆ ಬೆನ್ನು ಕೊಟ್ಟು ನಿಂತಿದ್ದ, ಎಡಗಾಲಿನ ಮೇಲೆ ಗಿರಕ್ಕನೆ ತಿರುಗಿದ, ಹೊಡೆದ. ಬಲೆ ಹಿಂದಕ್ಕೆ ಉಬ್ಬಿತು. ಗೋಲು. ಥೇಟ್ ಬೋಮನ್ ಹೊಡೆದ ಹಾಗೆಯೇ.

ಥೇಟ್ ಹಾಗೆಯೇ ಇದ್ದದ್ದೇ ಎಡವಟ್ಟಾಯಿತು. ಬ್ರೆಡ್ ಅಂಗಡಿಯ ಮುದುಕನ ಕಣ್ಣಲ್ಲಿ ನೀರು ತುಂಬಿತ್ತು, ಎದುರಿಗೆ ಹಳೆಯ ಹೊಡೆತ ಕಂಡಿತ್ತು, ನಾಲಿಗೆಗೆ ಹದಿನೈದು ವರ್ಷದ ರೂಢಿ. ಮೈಕು ಹಿಡಿದು ಕೂಗಿಯೇ ಬಿಟ್ಟ: “ಏಕರ್ಟ್!”

ಮಂದಿಯ ಬಾಯಿ ಮೊದಲೇ ತೆರೆದಿತ್ತು. ಅವರಿಗೂ ಅದೇ ರೂಢಿ. “ಬೋಮನ್!” ಅಂತ ಇಡೀ ಮೈದಾನ ಗುಡುಗಿತು.

ಈಗ ಹೇಳಿ ಶರಣರೇ, ಎಷ್ಟು ವರ್ಷದ ಹಸಿವು ಅವನದು? ಅನ್ನ ತಾನಾಗಿ ಎಲೆಗೆ ಬಿತ್ತು. ಬೋಮನ್‌ನ ಕೈ ಅವನನ್ನು ಕೇಳದೆ ಮೇಲೆದ್ದಿತು. ಮುಖ ಅರಳಿತು. ಮುದುಕ ಮತ್ತೆ ಕೂಗಿದ, ಮಂದಿ ಮತ್ತೆ ಕೂಗಿದರು. ಆ ಸುಖದಲ್ಲೇ ಅವನು ಹುಡುಗನ ಕಡೆ ನೋಡಿದ.

ನೀಲ್ಸ್ ಮೈದಾನದ ಮೂಲೆಯಲ್ಲಿ ನಿಂತಿದ್ದ. ತನ್ನ ಹೆಸರು ಕೇಳಿಸಿಕೊಳ್ಳಲೆಂದು ಕಿವಿಗೆ ಅಂಗೈ ಹಚ್ಚಿ ನಿಂತಿದ್ದವನು, ಕೈ ತೆಗೆಯುವುದನ್ನೂ ಮರೆತು ಹಾಗೇ ನಿಂತಿದ್ದ. ಅವನ ಕಣ್ಣು ಅವ್ವ ಕುಳಿತ ಕಡೆಗಿತ್ತು. ಅಕ್ಕಪಕ್ಕದವರೆಲ್ಲ ಕುಣಿಯುತ್ತಿದ್ದರು. ಆಕೆ ಎದ್ದವಳು ಮೆಲ್ಲಗೆ ಕುಳಿತುಕೊಳ್ಳುತ್ತಿದ್ದಳು.

ಬೋಮನ್‌ನ ಎತ್ತಿದ ಕೈ ಕೆಳಗಿಳಿಯಿತು. ತನಗೆ ಹದಿನೈದು ವರ್ಷ ಸಿಕ್ಕದ್ದು ಆ ತಾಯಿಗೆ ಒಂದು ಸಲವೂ ಸಿಗುತ್ತಿಲ್ಲ, ಅದನ್ನೂ ತಾನೇ ನಗುನಗುತ್ತ ಬಾಚಿಕೊಂಡೆ ಎಂದು ಅವನಿಗೆ ಸುಡುಸುಡು ನಾಚಿಕೆಯಾಯಿತು.

ಕೋಚ್ ನಿಲ್ಲುವ ಜಾಗಕ್ಕೆ ಒಂದು ಬಿಳಿ ಗೆರೆ ಎಳೆದಿರುತ್ತಾರೆ. ಆಟ ಮುಗಿಯುವ ತನಕ ಅದನ್ನು ದಾಟುವ ಹಾಗಿಲ್ಲ. ಅವನು ದಾಟಿದ. ಅಂಚಿನಲ್ಲಿದ್ದ ರೆಫರಿ ತಡೆದ.

“ಎಲ್ಲಿ ಹೊಂಟೀರಿ? ಹೊರಗ ಹಾಕ್ತೀನಿ ನೋಡ್ರಿ.”

“ಹಾಕ್ರಿ,” ಅಂದ ಬೋಮನ್. “ಒಂದು ಕೆಲಸ ಅದ, ಮುಗಿಸಿ ನಾನೇ ಹೋಗ್ತೀನಿ.”

ಆಡಿದಾಗಲೂ ಆಡಿಸಿದಾಗಲೂ ಅವನು ಮೈದಾನದಿಂದ ಹೊರಹಾಕುವ ಕೆಂಪು ಕಾರ್ಡು ಕಂಡವನಲ್ಲ, ಅದೂ ಅವನ ಒಂದು ಹೆಮ್ಮೆಯೇ ಆಗಿತ್ತು. ಅದನ್ನೂ ಬಿಟ್ಟ. ನೇರ ಮುದುಕನ ಮೇಜಿಗೆ ಹೋದ.

“ಅಯ್ಯ, ನನ್ನ ಬಾಯಿಗೆ ಹುಳ ಬೀಳಲಿ, ಏನಂದೆ ನಾನು?” ಎಂದು ಮುದುಕ ತಲೆ ಹಿಡಿದುಕೊಂಡಿದ್ದ.

“ಇರಲಿ ಬಿಡ್ರಿ ಅಜ್ಜಾರ, ಇಲ್ಲಿ ಕೊಡ್ರಿ,” ಎಂದು ಮೈಕು ತೆಗೆದುಕೊಂಡ. ಆ ಮೈದಾನದಲ್ಲಿ ಅವನು ಮೈಕು ಹಿಡಿದದ್ದು ಅದೇ ಮೊದಲು. ಹುಡುಗನ ಕಡೆ ತಿರುಗಿ ಕೂಗಿದ: “ನೀಲ್ಸ್!”

ಮಂದಿಗೆ ಅರ್ಥವಾಗಲು ಒಂದು ಉಸಿರು ಹಿಡಿಯಿತು. ಆಮೇಲೆ ‘ಹಾರ್ಮ್’ ಅಂದರು. ಅವನು ಮತ್ತೆ ಕರೆದ, ಮತ್ತೆ ‘ಹಾರ್ಮ್’ ಅಂದರು. ಮೂರನೆಯ ಸಲ ಅವನಿಗಿಂತ ಮೊದಲೇ ಮಂದಿಯೇ ಶುರು ಮಾಡಿದರು, ಗಣಿಯಲ್ಲಿ ತೀರಿಕೊಂಡವನ ಹೆಸರು ಬೀದಿಯ ತನಕ ಕೇಳಿಸಿತು. ತಾಯಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

ಕೆಂಪು ಕಾರ್ಡು ತೋರಿಸಿದರು. ಬೋಮನ್ ತಲೆ ಎತ್ತಿಕೊಂಡೇ ನಡೆದು, ಮಂದಿಯ ನಡುವೆ ಆ ತಾಯಿಯ ಪಕ್ಕದಲ್ಲಿ ಹೋಗಿ ಕುಳಿತ. ಕೊನೆಯ ನಿಮಿಷಗಳನ್ನು ಹುಡುಗರು ತಾವೇ ಕಾಯ್ದುಕೊಂಡರು, ಗೆದ್ದರು.

“ನಮ್ಮ ಸಲುವಾಗಿ ನಿಮ್ಮ ಹೆಸರು ಬಿಟ್ಟುಕೊಟ್ರಿ,” ಅಂದಳು ಆಕೆ.

“ಬಿಟ್ಟುಕೊಟ್ಟಿಲ್ಲವ್ವ,” ಅಂದ ಬೋಮನ್. “ಇಷ್ಟು ದಿನ ನನಗ ಗೋಲ್ ಹೊಡದಾಂವ ಅಂತಿದ್ರು. ಇನ್ನ ಮ್ಯಾಲೆ ಹಾರ್ಮ್‌ನ ಗುರು ಅಂತಾರ. ಇಂಥಾ ಹೆಮ್ಮಿ ನನಗ ಎಂದೂ ಆಗಿರಲಿಲ್ಲ.”

ಶರಣರೇ, ತಾಯಂದಿರೇ, ಹೆಮ್ಮೆ ಬಿಡಿ ಎಂದು ಹೇಳುವ ಸ್ವಾಮಿಗಳು ಬಹಳ ಮಂದಿ ಇದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಹೆಮ್ಮೆ ಪಡಿ, ಎದೆಯುಬ್ಬಿಸಿ ಪಡಿ. ಯಾರ ಹೆಸರಿನ ಮೇಲೆ ಪಡುತ್ತೀರಿ, ಅಷ್ಟೇ ನನ್ನ ಪ್ರಶ್ನೆ.

ಸೊಸೆ ಹೋಳಿಗೆ ಮಾಡಿದಾಗ ಬೀಗರ ಎದುರು ಏನನ್ನುತ್ತೀರಿ ಅಮ್ಮ? “ನನ್ನ ಕೈ ಪಳಗಿಸಿದ್ದು” ಅನ್ನುತ್ತೀರಿ. ನಗಬೇಡಿ ಯಜಮಾನರೇ, ನಿಮ್ಮದೂ ಇದೆ. ಮಗ ಅಂಗಡಿಗೆ ಗಿರಾಕಿ ಹೆಚ್ಚಿಸಿದರೆ “ನಾ ಹಾಕಿದ ಪಾಯ” ಅನ್ನುತ್ತೀರಿ. ಪಾಯ ನೀವೇ ಹಾಕಿದ್ದೀರಿ, ಯಾರು ಇಲ್ಲ ಅಂದರು? ಆದರೆ ಅವನು ಕಿವಿಗೆ ಕೈ ಹಚ್ಚಿ ನಿಮ್ಮ ಬಾಯನ್ನೇ ನೋಡುತ್ತಿದ್ದಾನಲ್ಲ, ಅದು ಕಾಣುತ್ತದೆಯೇ? ಎಷ್ಟು ವರ್ಷದಿಂದ ನಿಂತಿದ್ದಾನೆ?

ಇವತ್ತು ಮನೆಗೆ ಹೋಗಿ. ಉಣ್ಣುವಾಗ, ಮನೆಮಂದಿಯೆಲ್ಲ ಕುಳಿತಿರುವಾಗ, ಒಳ್ಳೆಯ ಕೆಲಸ ಯಾರು ಮಾಡಿದರೋ ಅವರ ಹೆಸರು ಹಿಡಿದು ಗಟ್ಟಿಯಾಗಿ ಹೇಳಿ. “ನಾ ಕಲಿಸಿದ್ದು” ಎನ್ನುವ ಮಾತು ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಅದನ್ನು ತುತ್ತಿನ ಜೊತೆ ನುಂಗಿಬಿಡಿ. ಆಮೇಲೆ ಆ ಮಕ್ಕಳ ಮುಖ ನೋಡಿ. ನೀವು ಕಲಿಸಿದ್ದು ಸಾರ್ಥಕ ಆಯಿತೋ ಇಲ್ಲವೋ, ಅವರ ಮುಖವೇ ಹೇಳುತ್ತದೆ.