ರಟ್ಟಿನ ಹೆಲ್ಮೆಟ್ಟು

ಯುದ್ಧ ಶುರುವಾದಂದಿನಿಂದ ಅಂಚೆ ಕಚೇರಿಯ ಸಾಲು ಬೀದಿಯವರೆಗೂ ಬಂದಿದೆ. ನನ್ನ ಮುಂದೆ ಒಬ್ಬ ಸಿನಿಮಾ ನಿರ್ದೇಶಕರು ಲಕೋಟೆಗಳ ಕಟ್ಟು ಹಿಡಿದು ನಿಂತಿದ್ದರು. ಜೊತೆಗೆ ಅವರ ಚಿತ್ರಗಳ ಉಡುಪು ನೋಡಿಕೊಳ್ಳುವ ಹೆಂಗಸು.

“ಕಾಗದದಲ್ಲಿ ಏನೇನು ಕೇಳಿದ್ದೀರಾ ಸಾರ್?”

“ಸ್ವಯಂಸೇವಕ ಸೈನಿಕರಿಗೆ ಬೂಟು, ಕಂಬಳಿ, ಔಷಧಿ. ಕೊಡುಗೈ ದಾನಿಗಳಿಗೆಲ್ಲ ಕೈ ಮುಗಿದು ಬರೆದಿದ್ದೀನಿ.”

“ಹೆಲ್ಮೆಟ್ಟು?”

“ಅದ್ಯಾಕೆ? ಹೋದ ವಾರ ನಮ್ಮ ಗೋಡೌನಿಂದಲೇ ಕಳಿಸಿದೆನಲ್ಲ. ಪೇಪರಲ್ಲೂ ಬಂತು.”

“ಅವು ರಟ್ಟಿನವು ಸಾರ್. ಕಬ್ಬಿಣದ್ದು ಹಾಕಿದ್ರೆ ಹೀರೋಗೆ ತಲೆನೋವು ಅಂತ ನೀವೇ ಮಾಡಿಸಿದ್ರಿ.”

“ಅಯ್ಯೋ! ಮರೆತೇಬಿಟ್ಟೆ. ಕಳಿಸೋವಾಗ ಹೇಳೋದಲ್ವಾ?”

“ನಾನೆಲ್ಲಿದ್ದೆ? ಮಗನ್ನ ಗಡಿಯ ಬಸ್ಸು ಹತ್ತಿಸೋಕೆ ಹೋಗಿದ್ದೆ. ನಿನ್ನೆ ಫೋಟೋ ಕಳಿಸಿದ್ದಾನೆ. ಆ ರಟ್ಟಿನ ಹೆಲ್ಮೆಟ್ಟನ್ನೇ ಹಾಕ್ಕೊಂಡು ನಗ್ತಿದ್ದಾನೆ.”

“ಫೋನ್ ಮಾಡಿ ಹೇಳಮ್ಮ ಅವನಿಗೆ!”

“ಬೆಳಗ್ಗೆಯಿಂದ ಮಾಡ್ತಾನೇ ಇದ್ದೀನಿ. ಎತ್ತುತ್ತಿಲ್ಲ.”

ಸಾಲು ಮುಂದೆ ಸರಿಯಿತು. ಇಬ್ಬರೂ ಕದಲಲಿಲ್ಲ.

“ಮೊದಲು ಹೆಲ್ಮೆಟ್ಟು ಕೇಳಿ ಸಾರ್. ನಾವು ಕೊಟ್ಟಿದ್ದು ರಟ್ಟು ಅಂತಾನೂ ಬರೀರಿ. ಇಲ್ದಿದ್ರೆ ಆಗಲೇ ಕಳಿಸಿದ್ದಾರಲ್ಲ ಅಂತ ಯಾರೂ ಕೊಡಲ್ಲ.”

“ಹಾಗೆ ಬರೆದ್ರೆ ನನ್ನ ಮಾನ ಹೋಗುತ್ತಮ್ಮ.”

“ನಿಮ್ಮದು ಹೋಗೋದು ಮಾನ ತಾನೇ ಸಾರ್?”

ಕಟ್ಟನ್ನು ಅವರ ಕೈಯಿಂದ ಕಿತ್ತುಕೊಂಡು ಆಕೆ ಸಾಲು ಬಿಟ್ಟು ನಡೆದರು. ನಿರ್ದೇಶಕರು ಜೇಬಿನಲ್ಲಿ ಪೆನ್ನು ತಡಕಾಡುತ್ತ ಹಿಂದೆಯೇ ಓಡಿದರು.