ಟರ್ಬೋಗೆ ಉಸಿರು ಕಟ್ಟಿದ್ದು

ಅಮೆರಿಕದ ಯೂಲೆಸ್ ಊರಿನ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಆಯಿಲ್ ಬದಲಾಗುವುದನ್ನೇ ಕಾಯುತ್ತ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸಿನ ಬಳಿಗೆ ಅವರ ಗಂಡ ಏನನ್ನೋ ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗಿನಿಂದ ಬಂದರು. ಕನ್ನಡ ಕಿವಿಗೆ ಬಿದ್ದದ್ದೇ ಫೋನ್ ಕೆಳಗಿಟ್ಟೆ.

“ಮೆಕ್ಯಾನಿಕ್ ಏನಂದ್ನರಿ? ಟರ್ಬೋ ಹೋಗೇತಂತೇನು?”

“ಇಲ್ಲ ಶಾಂತಾ, ಟರ್ಬೋ ಗಟ್ಟಿ ಐತಿ. ಗಾಳಿ ಸಿಗದ ಉಸಿರು ಕಟ್ಟಿತ್ತು, ಅಷ್ಟ.”

“ಹಂಗಾದ್ರ ಹಳೇ ಡೀಸೆಲ್ ಗಾಡಿ ಅಂತ ಮಾರೂದಿಲ್ಲಲ್ಲ?”

“ಮಾರೂದಿಲ್ಲ ಮಾರಾಯ್ತಿ.”

“ಮತ್ತ ಕರೀ ಹೊಗಿ ಯಾಕ ಬರ್ತಿತ್ತು? ಫ್ಲೈಓವರ್ ಹತ್ತಾಕ ಯಾಕ ತೇಕತಿತ್ತು?”

ಅವರು ಮುಷ್ಟಿ ಬಿಚ್ಚಿದರು. ಒಣಗಿದ ಚೆಂಡುಹೂವಿನ ಎಸಳುಗಳು.

“ಏರ್ ಫಿಲ್ಟರ್ ತುಂಬ ಇವ ಇದ್ವು. ದಸರಾಕ್ಕ ಗಾಡಿ ಪೂಜಿ ಮಾಡಿ, ಮುಂದಿನ ಗ್ರಿಲ್‌ಗೆ ಮಾರುದ್ದ ಮಾಲಿ ಕಟ್ಟಿದವ್ರು ಯಾರು?”

“ನಾನ. ಬಿಚ್ಚಬ್ಯಾಡ, ತಾನ ಉದುರ್ಲಿ ಅಂದವ್ರು ನೀವು.”

“ಉದುರಲಿಲ್ಲ ನೋಡು, ಒಳಗ ಹೋದ್ವು.”

“ಹೂ ಯಾಕಂತ ಅಂವ ಕೇಳ್ಲಿಲ್ಲೇನು?”

“ಕೇಳಿದ. ಗಾಡಿ ಬರ್ತ್‌ಡೇ ಇತ್ತು ಅಂದೆ.”

ಇಬ್ಬರೂ ನಕ್ಕರು. ಆತ ಕಸದ ಬುಟ್ಟಿಯತ್ತ ಬಾಗಿದಾಗ ಆಕೆ ಕೈ ಹಿಡಿದರು.

“ಪೂಜಿ ಹೂವ್ರಿ, ಕಸದಾಗ ಹಾಕಬ್ಯಾಡ್ರಿ. ಮನ್ಯಾಗ ತುಳಸಿ ಬುಡಕ್ಕ ಹಾಕೂಣು.”

“ಹಂಗಾರ ಮುಂದಿನ ದಸರಾಕ್ಕ ಮಾಲಿ ಬ್ಯಾಡಲ್ಲ?”

“ಅಯ್ಯ, ಮಾಲಿ ಇಲ್ದ ಪೂಜಿ ಹೆಂಗ? ಮುಂದಿನ ಸಲ ಹಿಂದ ಕಟ್ತೀನಿ.”

ಆಕೆ ಎಸಳುಗಳನ್ನು ಪರ್ಸಿಗೆ ಸುರಿದುಕೊಂಡು ಎದ್ದು, ಬಾಗಿಲು ದಾಟಿಯೇಬಿಟ್ಟರು.

“ಹಿಂದ ಸೈಲೆನ್ಸರ್ ಐತಿ, ಶಾಂತಾ!” ಎನ್ನುತ್ತ ಆತ ಹಿಂದೆಯೇ ಓಡಿದರು.